ಮೇಷ್ಟ್ರಿಗೆ ಉಳಿದ ಒಂದು ಮಾತು

ಮುನಿರಾಮಯ್ಯ ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಒಂಟಿ ಪದ ಕಲಿತರೆ ಸಾಲದು, ಅದರ ಜೊತೆ ಯಾವ ಪದ ಬರುತ್ತದೆ ಅನ್ನುವುದನ್ನೂ ಕಲಿಯಬೇಕು ಅನ್ನುತ್ತಿದ್ದರು. ಅವರ ಮೆಚ್ಚಿನ ಪಾಠ 'ಟೈಮ್'. ಸೇವ್ ಟೈಮ್, ವೇಸ್ಟ್ ಟೈಮ್, ಸ್ಪೆಂಡ್ ಟೈಮ್ ಎಂದು ಅವರು ಹೇಳುವುದು, ಮಕ್ಕಳು ಕೂಗುವುದು. ನಿವೃತ್ತಿಯಾದ ಮೇಲೂ ಶೆಟ್ಟಿಹಳ್ಳಿಯ ಮನೆಯ ಮಹಡಿಯಲ್ಲಿ ಬೆಳಿಗ್ಗೆ, ಸಂಜೆ ಟ್ಯೂಷನ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಹೆಂಡತಿ ಗೋಪಾಲಮ್ಮನಿಗೆ ಕೆಳಗೆ ಅದರ ಸದ್ದಷ್ಟೇ ಕೇಳಿಸುತ್ತಿತ್ತು. ಎಲ್ಲಿಗಾದರೂ ಹೋಗಿ ಬರೋಣ ಅಂದರೆ, ಪರೀಕ್ಷೆ ಮುಗಿಯಲಿ ಅನ್ನುತ್ತಿದ್ದರು.

ಅರವತ್ತಾರನೇ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು; ಬಾಯಿಗೆ ಏನೂ ಬರುತ್ತಿರಲಿಲ್ಲ.

ಮಾತು ಕಲಿಸಲು ಆರ್.ಟಿ. ನಗರದಿಂದ ಜಬೀನ್ ಎಂಬ ಥೆರಪಿಸ್ಟ್ ಬರುತ್ತಿದ್ದಳು. ರೂಢಿಯ ಮಾತಿನ ಅರ್ಧ ಹೇಳಿದರೆ ಉಳಿದರ್ಧ ತಾನಾಗಿ ಬರಬಹುದು, ಇವರು ಯಾವುದನ್ನು ಹೆಚ್ಚು ಹೇಳುತ್ತಿದ್ದರು ಎಂದು ಕೇಳಿದಳು. ಗೋಪಾಲಮ್ಮ ಅಂಜುತ್ತಲೇ, "ವೇಸ್ಟ್…" ಅಂದಳು.

"ಟೈಮ್," ಅಂದರು ಮೇಷ್ಟ್ರು.

ಎರಡು ತಿಂಗಳ ಮೇಲೆ ಬಂದ ಮೊದಲ ಮಾತು ಅದು. ಅಂದಿನಿಂದ ಗೋಪಾಲಮ್ಮ, ಮಗಳು ಶಿಲ್ಪ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಚೀಟಿ ಹಿಡಿದು, ದಿನಾ ಅವರ ಮುಂದೆ ಕೂತಳು. ಸೇವ್, ಲೂಸ್, ಕಿಲ್. ಎಲ್ಲಕ್ಕೂ ಅವರು ಟೈಮ್ ಅನ್ನುತ್ತಿದ್ದರು. ಆಮೇಲೆ ನೀರು ಬೇಕಾದರೂ ಟೈಮ್, ಬೆನ್ನು ನೋವಾದರೂ ಟೈಮ್. ಬೇರೆ ಮಾತೇ ಹೊರಡಲಿಲ್ಲ. ಹೇಳಬೇಕೆಂದದ್ದು ಅದಲ್ಲವೆಂದು ಅವರಿಗೇ ಗೊತ್ತಾಗಿ, ಎಡಗೈಯಿಂದ ಬಾಯಿಗೆ ಹೊಡೆದುಕೊಳ್ಳುತ್ತಿದ್ದರು. ಗೋಪಾಲಮ್ಮ ಆ ಕೈ ಹಿಡಿದುಕೊಳ್ಳುತ್ತಿದ್ದಳು.

ಒಂದು ದಿನ ಅವಳು ಚೀಟಿಯಲ್ಲಿದ್ದುದರ ಅರ್ಥ ಕೇಳಿದಳು. ಸ್ಪೆಂಡ್ ಟೈಮ್ ಅಂದರೆ ಒಬ್ಬರ ಜೊತೆ ಕೂತು ಹೊತ್ತು ಕಳೆಯೋದು ಅಂದಳು ಶಿಲ್ಪ. ಗೋಪಾಲಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡಳು.

ಮರುದಿನ ಅವಳು ಸ್ಪೆಂಡ್ ಅಂದಳು, ಮೇಷ್ಟ್ರು ಟೈಮ್ ಅಂದರು. ಅವಳು ಚೀಟಿ ಮಡಿಚಿಟ್ಟಳು.

"ನಲವತ್ತು ವರ್ಷದಲ್ಲಿ ನೀವು ನನ್ನೆದುರು ಇಷ್ಟು ಹೊತ್ತು ಕೂತಿದ್ದೇ ಇಲ್ಲ ಕಣ್ರೀ," ಅಂದಳು. ದನಿಯಲ್ಲಿ ದೂರು ಇರಲಿಲ್ಲ.

ಮೇಷ್ಟ್ರ ಕಣ್ಣು ತುಂಬಿತು. ಅವಳ ಹೆಸರು ಹಿಡಿದು ಕರೆಯಲು ಹೊರಟರು. "ಗೋ" ಎನ್ನುವಷ್ಟು ಬಂತು. ತುಟಿ ಮತ್ತೆ ಮತ್ತೆ ಅಲುಗಿತು, ಮುಂದಿನದು ಬರಲಿಲ್ಲ. ಕೊನೆಗೆ ಟೈಮ್ ಅಂದು ಮುಖ ತಿರುಗಿಸಿಕೊಂಡರು.

"ಗೊತ್ತಾಯ್ತು ಬಿಡಿ," ಅಂದಳು ಗೋಪಾಲಮ್ಮ.

ಆಷಾಢದಲ್ಲಿ ಎರಡನೇ ಸಲ ಲಕ್ವ ಹೊಡೆದಾಗ ಅವರು ಉಳಿಯಲಿಲ್ಲ. ಹಳೇ ವಿದ್ಯಾರ್ಥಿಗಳು ತುಂಬಾ ಜನ ಬಂದಿದ್ದರು. ಮೇಷ್ಟ್ರಿಗೆ ಕೊನೆಗಾದರೂ ಮಾತು ಬಂತೇ ಎಂದು ಅವರಲ್ಲೊಬ್ಬ ಕೇಳಿದ.

"ಬಂತಪ್ಪ. ನನ್ನ ಹೆಸರು ಹಿಡಿದು ಕರೆದ್ರು," ಅಂದಳು ಗೋಪಾಲಮ್ಮ.

ಅಪ್ಪನ ಬಾಯಲ್ಲಿ ಕೊನೆಯವರೆಗೂ ಟೈಮ್ ಒಂದನ್ನೇ ಕೇಳಿದ್ದ ಶಿಲ್ಪ ಪಕ್ಕದಲ್ಲಿ ನಿಂತು ತಲೆ ತಗ್ಗಿಸಿದಳು.