ಬ್ರೇಕಿಲ್ಲದ ಸೈಕಲ್ಲಿನಲ್ಲಿ ಗಡಿಯ ಇಳಿಜಾರು

ಗೆಳೆಯ ಮಹದೇವ ಸೈಕಲ್ಲಿನಲ್ಲಿ ಇಳಿಜಾರಿನ ತಿರುವಿನಲ್ಲಿ ಮರೆಯಾದ. ಆಮೇಲೆ ಸದ್ದೇ ಇಲ್ಲ. ನಾನು ಮಾರ್ಟಳ್ಳಿಯಾಚೆಯ ದಿಣ್ಣೆಯ ಮೇಲೆ ಸೈಕಲ್ ಹಿಡಿದು ನಿಂತಿದ್ದೆ. ಹಗುರವಾದರೆ ಚೆನ್ನಾಗಿ ಹಾರುತ್ತವೆಂದು ಎರಡೂ ಸೈಕಲ್ಲುಗಳ ಮಡ್ಗಾರ್ಡು, ಬ್ರೇಕು ಎಲ್ಲವನ್ನೂ ಹನೂರಿನಲ್ಲೇ ಬಿಚ್ಚಿಟ್ಟು ಬಂದಿದ್ದೆವು. ಎಪ್ಪತ್ತರ ದಶಕದ ಹುಡುಗರಾದ ನಮಗೆ ಗಡಿ ದಾಟಿ ತಮಿಳುನಾಡಿಗೆ ಇಳಿಯುವುದೇ ಫಾರಿನ್ ಟೂರು.

ಅಷ್ಟರಲ್ಲಿ ಸೈಕಲ್ಲಿನ ಮೇಲೆ ಸೌದೆ ಹೇರಿಕೊಂಡ ಒಬ್ಬರು ಬಂದರು. ಓಟ ತಡೆಯಲು ಅವರ ಕ್ಯಾರಿಯರ್‌ಗೆ ಕಟ್ಟಿದ್ದ ಹಸಿ ಕೊಂಬೆ ನೆಲ ಕೆರೆಯುತ್ತಿತ್ತು.

"ಬ್ರೇಕ್ ಎಲ್ಲಪ್ಪಾ?"

"ಬಿಚ್ಚಾಕಿದ್ದೀವಣ್ಣ. ನಮ್ಮವನೊಬ್ಬ ಆಗ್ಲೇ ಇಳ್ದೋದ."

"ಬುದ್ದೀನೂ ಅದ್ರ ಜೊತೇಲೇ ಬಿಚ್ಚಿಟ್ಟು ಬಂದ್ರಾ?" ಎಂದು ಬೈಯುತ್ತಲೇ ಒಂದು ಕೊಂಬೆ ಕಡಿದು ನನ್ನ ಸೈಕಲ್ಲಿಗೂ ಕಟ್ಟಿದರು.

ಧೂಳೆಬ್ಬಿಸುತ್ತ ನಿಧಾನವಾಗಿ ಇಳಿದೆ. ಪ್ರತಿ ತಿರುವಿನಲ್ಲೂ ಕಣಿವೆಗೆ ಬಗ್ಗಿ ನೋಡಲು ಹೆದರಿಕೆ, ನೋಡದಿರಲೂ ಹೆದರಿಕೆ. ಮೂರನೆಯ ತಿರುವಿನಲ್ಲಿ ಮಹದೇವ ಕೂತಿದ್ದ. ಕಾಲನ್ನೇ ನೆಲಕ್ಕೊತ್ತಿ ಸೈಕಲ್ ನಿಲ್ಲಿಸಿದ್ದ. ಚಪ್ಪಲಿ ಕಿತ್ತುಹೋಗಿ ಅಂಗಾಲಿನಿಂದ ರಕ್ತ ಸುರಿಯುತ್ತಿತ್ತು. ನನ್ನ ಕೊಂಬೆಯನ್ನು ನೋಡಿ ನಗಲು ಹೋಗಿ ನೋವಿಗೆ ಮುಖ ಕಿವುಚಿದ.

"ನೀ ನೂಕ್ದಾಗ್ಲೇ ಅನ್ಕಂಡೆ ಕಣ್ಲಾ, ನನ್ ಕತೆ ಮುಗೀತು ಅಂತ."

ನಾನು ನೂಕಿದ್ದು ನನಗೆ ನೆನಪಿಲ್ಲ. ನನ್ನ ನೆನಪಿನಲ್ಲಿ ನಾನು "ನಿಂತ್ಕಳ್ಲಾ" ಎಂದು ಕೂಗುತ್ತಿದ್ದೇನೆ. ಇಷ್ಟು ವರ್ಷ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ಆದರೆ ಅವನು ಹೊರಟ ಆ ಗಳಿಗೆಯಲ್ಲಿ ದಿಣ್ಣೆಯ ಮೇಲೆ ನಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.