ಗಾಳಿಯನ್ನು ಕೇಳುತ್ತಿದ್ದ ಮೆಕ್ಯಾನಿಕ್

ಉದ್ಯಾವರದ ಹೆದ್ದಾರಿ ಬದಿಯಲ್ಲಿ ಅವರ ತಗಡಿನ ಶೆಡ್ಡು. ಗಲ್ಫ್‌ನಿಂದ ಮರಳಿದ ಆ ಮೆಕ್ಯಾನಿಕ್ ಸೆಕೆಗಾಲದಲ್ಲೂ ತುಂಬು ತೋಳಿನ ಅಂಗಿ ತೊಡುತ್ತಿದ್ದರು. ಯಾವ ಗಾಡಿ ಬಂದರೂ ಬಾನೆಟ್ಟಿನ ಮೇಲೆ ಕೈಯ ಹಿಂಬದಿ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ದಣಿದ ದನಿಯಲ್ಲಿ ಅದೇ ಮಾತು: "ಗಾಳಿಯ ಹತ್ರ ಕೇಳುವ."

ನನ್ನ ಹಳೆಯ ಕಾರಿಗೆ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಟರ್ಬೊ ಹಾಕಿಸಿದ ಮೇಲೆ ಅದರ ಬಿಸಿಗೆ ವಯರುಗಳೇ ಕರಗತೊಡಗಿದ್ದವು. ಬಿಸಿ ಹೊರಗೆ ಹೋಗಲು ಬಾನೆಟ್ಟಿಗೆ ಕಂಡಿ ಕೊರೆಸುತ್ತೇನೆ ಎಂದಾಗಲೂ ಅವರು ಅದನ್ನೇ ಹೇಳಿದರು. ನನಗೆ ತಾಳ್ಮೆ ಇರಲಿಲ್ಲ. ಮಣಿಪಾಲಕ್ಕೆ ಹೋಗಿ, ಮುಂದಿನ ಗಾಜಿನ ಬುಡದಲ್ಲೇ ಎರಡು ಕಂಡಿ ಕೊರೆಸಿಕೊಂಡು ಬಂದೆ.

ಅವರು ಬೈಯಲಿಲ್ಲ. ಕಂಡಿಗಳ ಅಂಚಿಗೆ ಉಲ್ಲನ್ ನೂಲಿನ ತುಂಡುಗಳನ್ನು ಅಂಟಿಸಿ ನನ್ನ ಪಕ್ಕದಲ್ಲಿ ಕುಳಿತರು. ಕಾಪುವಿನ ಕಡೆಗೆ ವೇಗ ಹೆಚ್ಚಿಸಿದೆ. ಹೊರಕ್ಕೆ ಹಾರಬೇಕಿದ್ದ ನೂಲುಗಳು ಒಂದೊಂದಾಗಿ ಕಂಡಿಯೊಳಕ್ಕೆ ಹೊಕ್ಕವು. ಗಾಜಿಗೆ ಬಡಿದ ಗಾಳಿ ಒಳಗೆ ನುಗ್ಗಿ, ಬಿಸಿಯನ್ನು ಅಲ್ಲೇ ಒತ್ತಿ ಹಿಡಿಯುತ್ತಿತ್ತು.

"ಗಾಡಿ ಹಾಳು ಮಾಡಿದೆ ಅಲ್ವಾ?" ಎಂದೆ.

ಶೆಡ್ಡಿಗೆ ಮರಳಿ ಅವರು ಚಾ ತರಿಸಿದರು. ಒಂದು ಹಳೆಯ ಬಾನೆಟ್ಟೇ ಅವರ ಮೇಜು. ಅದರ ಮೇಲೆ ಯಾವಾಗಲೂ ಪೇಪರ್ ಹಾಸಿರುತ್ತಿತ್ತು. ತಿಂಗಳುಗಟ್ಟಲೆ ನಾನು ಅಲ್ಲೇ ಗ್ಲಾಸು ಇಟ್ಟವನು. ಆ ದಿನ ಅವರು ಪೇಪರನ್ನು ಮೆಲ್ಲಗೆ ಸರಿಸಿದರು. ನಾನು ಕೊರೆಸಿದ ಅದೇ ಜಾಗದಲ್ಲಿ, ಗಾಜಿನ ಬದಿಯ ಅಂಚಿನಲ್ಲಿ, ಎರಡು ಕಂಡಿಗಳಿದ್ದವು, ತಗಡು ಇಟ್ಟು ವೆಲ್ಡ್ ಮಾಡಿ ಮುಚ್ಚಿದವು.

"ಗಾಳಿಯ ಹತ್ರ ಕೇಳು ಅಂತ ನನಗೂ ಒಬ್ಬರು ಹೇಳಿದ್ದುಂಟು ಮಾರಾಯ್ರೆ," ಎಂದು ಪೇಪರನ್ನು ಮತ್ತೆ ಹಾಸಿದರು.