ದೋಣಿ ಸುಸ್ಥಿತಿಯಲ್ಲಿದೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಹುಕ್ಕೇರಿ, ಗೋಕಾಕ ಕೋರ್ಟುಗಳಲ್ಲಿ ವಕೀಲಿಕೆ ಮಾಡಿಕೊಂಡಿದ್ದ ನಾನು ಆಗ ವಿಧಾನ ಪರಿಷತ್ತಿನ ಸದಸ್ಯನಾಗಿದ್ದೆ. ಆ ಸ್ಥಾನಕ್ಕೆ ದೊಡ್ಡ ಅಧಿಕಾರವೇನೂ ಇಲ್ಲ. ಒಬ್ಬ ಸಿಪಾಯಿಯನ್ನು ವರ್ಗ ಮಾಡಿಸುವ ಶಕ್ತಿಯೂ ನನಗಿರಲಿಲ್ಲ. ಇದ್ದದ್ದು ಸದನದಲ್ಲಿ ಎದ್ದು ನಿಂತು ಸರ್ಕಾರವನ್ನು ಪ್ರಶ್ನೆ ಕೇಳುವ ಹಕ್ಕು. ಕೇಳಿದರೆ ಮಂತ್ರಿ ಉತ್ತರ ಕೊಡಲೇಬೇಕು. ಆ ಉತ್ತರಗಳನ್ನು ಬರೆದುಕೊಡುತ್ತಿದ್ದ ಅಧಿಕಾರಿಗಳ ಬಗ್ಗೆ ಈ ಇಳಿವಯಸ್ಸಿನಲ್ಲೂ ನನಗೆ ಗೌರವ ಮೂಡಿಲ್ಲ. ಯಾಕೆ ಎಂಬುದಕ್ಕೆ ಒಂದು ದೋಣಿಯ ಕಥೆ ಸಾಕು.

ಒಂದು ದಿನ ಗೋಕಾಕ ಕೋರ್ಟಿನ ಹೊರಗೆ ಶಾಂತವ್ವ ಎಂಬ ಹೆಣ್ಣುಮಗಳು ನನಗಾಗಿ ಕಾದು ನಿಂತಿದ್ದಳು. ಮೂಡಲಗಿ ಕಡೆಯ ಹಳ್ಳಿಯವಳು, ಕೂಲಿ ಮಾಡುವವಳು. ಅವಳ ಊರು ಘಟಪ್ರಭೆಯ ಒಂದು ದಂಡೆಗೆ, ಕೆಲಸ ಸಿಗುವ ಹೊಲಗಳು ಇನ್ನೊಂದು ದಂಡೆಗೆ. ನಡುವೆ ಸರ್ಕಾರದ ದೋಣಿ. ಪ್ರತಿ ವರ್ಷ ಅದನ್ನು ನಡೆಸುವ ಹಕ್ಕನ್ನು ಹರಾಜು ಹಾಕುತ್ತಿದ್ದರು, ಹಿಡಿದವನು ಗುತ್ತೇದಾರ. ಆ ಮಳೆಗಾಲದಲ್ಲಿ ನಡುಹೊಳೆಯಲ್ಲಿ ಹಲಗೆ ಬಾಯಿಬಿಟ್ಟು ಇಬ್ಬರು ಹೆಂಗಸರು ಮುಳುಗಿದ್ದರು. ಒಬ್ಬಳು ಶಾಂತವ್ವನ ಅಕ್ಕ.

ಪರಿಹಾರದ ಅರ್ಜಿ ಬರೆಸಲು ಬಂದಿದ್ದಾಳೆಂದುಕೊಂಡೆ.

“ಪರಿಹಾರ ಕೇಳಾಕ ಬಂದಿಲ್ರಿ ವಕೀಲಸಾಹೇಬ್ರ,” ಎಂದಳು. “ನಮ್ಮಕ್ಕ ಹೋದ್ಲು, ಆಕೀನ್ನ ಯಾರೂ ತಂದು ಕೊಡಾಂಗಿಲ್ಲ. ಆದ್ರ ಅದ ದೋಣಿ ಇನ್ನೂ ನಡ್ಯಾಕತ್ತೈತ್ರಿ. ನಿನ್ನೀನೂ ನಾ ಅದರಾಗ ಕುಂತು ಹೋಗಿ ಬಂದೆ.”

“ಮತ್ತ ಯಾಕ ಹತ್ತಿದಿ ತಂಗಿ?”

“ಹೊಟ್ಟಿ ಆಚೀ ದಂಡಿಗೆ ಐತ್ರಿ.”

ಮರುವಾರ ಹೋಗಿ ದೋಣಿ ನೋಡಿದೆ. ತಳದ ಹಲಗೆಯ ಮೇಲೆ ಕೊಡೆಯ ತುದಿ ಒತ್ತಿದರೆ ನೆನೆದ ರೊಟ್ಟಿಯಲ್ಲಿ ಬೆರಳು ಇಳಿದಂತೆ ಇಳಿಯಿತು. ಬಿರುಕಿಗೆ ಡಬ್ಬಿಯ ತಗಡು ಬಡಿದು ಡಾಂಬರು ಸವರಿದ್ದರು.

ಬೆಂಗಳೂರಿನಲ್ಲಿ ಅಧಿವೇಶನ ಶುರುವಾದಾಗ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದೆ. ಅಂಥ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು. ಅದರ ಮೇಲೆ ಸದಸ್ಯ ಉಪಪ್ರಶ್ನೆ ಕೇಳಬಹುದು. ಮಂತ್ರಿಗಳು ಹಾಳೆ ನೋಡಿ ಓದಿದರು: “ದೋಣಿಯನ್ನು ಇಂಜಿನಿಯರರು ಪರೀಕ್ಷಿಸಿದ್ದಾರೆ. ದೋಣಿ ಸುಸ್ಥಿತಿಯಲ್ಲಿದೆ. ಮೃತರು ಆಯತಪ್ಪಿ ನೀರಿಗೆ ಬಿದ್ದಿದ್ದಾರೆ.”

“ಪರೀಕ್ಷಿಸಿದ ಇಂಜಿನಿಯರರು ಆ ದೋಣಿಯಲ್ಲಿ ಒಮ್ಮೆಯಾದರೂ ಹೊಳೆ ದಾಟಿದ್ದಾರೆಯೇ?” ಎಂದು ಕೇಳಿದೆ.

“ಅದಕ್ಕೆ ಪ್ರತ್ಯೇಕ ಸೂಚನೆ ಬೇಕಾಗುತ್ತದೆ.”

ಅಂದರೆ, ಅದನ್ನು ಬೇರೆಯದೇ ಪ್ರಶ್ನೆಯಾಗಿ ಮೊದಲೇ ಬರೆದು ಕಳಿಸಿ ಎಂದರ್ಥ. ಸದನ ನಕ್ಕಿತು. ಇಬ್ಬರು ಸತ್ತ ವಿಷಯಕ್ಕೆ ನಗು ಬರಲು ಮನುಷ್ಯನಿಗೆ ಎಂಥ ಮೆತ್ತನೆಯ ಕುರ್ಚಿ ಬೇಕೋ ಅಂಥದೇ ನಮಗೆ ಅಲ್ಲಿ ಹಾಕಿದ್ದರು. ನಾನು ಕೂರಲಿಲ್ಲ. ಕೊನೆಗೆ ಬೇಸತ್ತ ಮಂತ್ರಿಗಳು, ಸದಸ್ಯರ ಎದುರಿನಲ್ಲೇ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತೇವೆ ಎಂದು ಭರವಸೆ ಕೊಟ್ಟರು. ಸದನದಲ್ಲಿ ಕೊಟ್ಟ ಭರವಸೆ ದಾಖಲಾಗುತ್ತದೆ. ಈಡೇರಿಸದಿದ್ದರೆ ವಿವರಣೆ ಕೊಡಬೇಕಾಗುತ್ತದೆ.

ಹಾಗಾಗಿ ಒಂದು ಬೆಳಿಗ್ಗೆ ಜೀಪುಗಳು ಹೊಳೆಯ ದಂಡೆಗೆ ಬಂದವು. ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು. ಗುತ್ತೇದಾರ ರಾತ್ರೋರಾತ್ರಿ ದೋಣಿಗೆ ಹೊಸ ಡಾಂಬರು ಬಳಿಸಿದ್ದ. ಬೇವಿನ ಮರದ ಕೆಳಗೆ ಸಾಹೇಬರಿಗಾಗಿ ಜಮಖಾನೆ ಹಾಸಿ ತಿಂಡಿ-ಫರಾಳ ಇಡಿಸಿದ್ದ. ಹಳೆ ಮೈಸೂರು ಕಡೆಯಿಂದ ಬಂದಿದ್ದ ಇಂಜಿನಿಯರರು ದಂಡೆಯ ಮೇಲೆ ನಿಂತೇ ಬೆತ್ತದಿಂದ ದೋಣಿಯ ಅಂಚು ಎರಡು ಸಲ ಕುಟ್ಟಿ ತಲೆಯಾಡಿಸಿದರು. ಪರೀಕ್ಷೆ ಮುಗಿದಿತ್ತು.

“ಬರ್ರಿ ಸಾಹೇಬ್ರ, ದಾಟೂಣು,” ಎಂದೆ.

ಅವರು ನೀರು ನೋಡಿದರು, ತಮ್ಮ ಬೂಟು ನೋಡಿದರು. “ನನಗೆ ಈಜು ಬರೋದಿಲ್ಲ ಸ್ವಾಮಿ.”

“ದಿನಾ ದಾಟೋ ಹೆಣ್ಣಮಕ್ಕಳಿಗೂ ಬರಾಂಗಿಲ್ರಿ.”

“ನಾನು ಜೀಪಿನಲ್ಲಿ ಸೇತುವೆ ಮೇಲಿಂದ ಬಂದು ಆಚೆ ದಡದಲ್ಲಿ ಸಿಗ್ತೀನಿ,” ಎಂದು, ನಡೆದು ಹೋಗುವವರಿಗೆ ಅರ್ಧ ದಿನ ಹಿಡಿಯುವ ಆ ಸುತ್ತುದಾರಿ ಹಿಡಿದು ಹೊರಟೇಬಿಟ್ಟರು. ಅದೇ ದೋಣಿ ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕಿದ್ದ ಮನುಷ್ಯ!

ಕೂಲಿಗೆ ಹೊರಟ ಹೆಂಗಸರು ಆಗಲೇ ದೋಣಿ ಹತ್ತಿದ್ದರು, ಅವರಲ್ಲಿ ಶಾಂತವ್ವನೂ ಇದ್ದಳು. ನಾನೂ ಹತ್ತಿದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ. ಕಾಲುಭಾಗ ಹೊಳೆ ದಾಟುವಷ್ಟರಲ್ಲಿ ಹೊಸ ಡಾಂಬರು ಹಪ್ಪಳದಂತೆ ಎದ್ದು ಕಾಲಡಿ ನೀರು ಬಂತು. ಹೆಂಗಸರು ಬುತ್ತಿ ಪಾತ್ರೆಗಳನ್ನು ಬರಿದು ಮಾಡಿ ನೀರು ಎತ್ತಿ ಚೆಲ್ಲತೊಡಗಿದರು, ದಿನದ ಕೆಲಸವೆಂಬಂತೆ. ನಾನು ನನ್ನ ಟೋಪಿಯಿಂದ ಚೆಲ್ಲಿದೆ. ನಡುಹೊಳೆಗೆ ಬಂದಾಗ ಶಾಂತವ್ವನ ಕೈ ನಿಂತಿತು. “ಇಲ್ಲೇರಿ,” ಎಂದಳು, ಅಷ್ಟೇ. ಮತ್ತೆ ನೀರು ಚೆಲ್ಲಿದಳು. ಆಚೆ ದಂಡೆ ಮುಟ್ಟಿದೆವು. ಹೆಂಗಸರು ಸೀರೆ ಹಿಂಡಿಕೊಂಡು ಹೊಲದ ಕಡೆ ನಡೆದರು. ಇಂಜಿನಿಯರರು ಬರಲೇ ಇಲ್ಲ. ಸೇತುವೆಯ ದಾರಿಯಲ್ಲಿ ಗೋಕಾಕದ ಪ್ರವಾಸಿ ಬಂಗಲೆ ಸಿಕ್ಕಿದ್ದರಿಂದ ಊಟಕ್ಕೆ ಇಳಿದರಂತೆ.

ಮುಂದಿನ ಅಧಿವೇಶನದಲ್ಲಿ ಮಂತ್ರಿಗಳು ವರದಿ ಓದಿದರು. “ಮಾನ್ಯ ಸದಸ್ಯರ ಸಮ್ಮುಖದಲ್ಲಿ ದೋಣಿಯನ್ನು ಪರೀಕ್ಷಿಸಲಾಯಿತು. ಮಾನ್ಯ ಸದಸ್ಯರು ಸ್ವತಃ ಅದರಲ್ಲಿ ಪ್ರಯಾಣಿಸಿ ಸುರಕ್ಷಿತವಾಗಿ ದಡ ಸೇರಿದರು. ಆದ್ದರಿಂದ ದೋಣಿ ಸುಸ್ಥಿತಿಯಲ್ಲಿದೆ.”

ಈ ಜನ ನಾನು ಬದುಕಿ ಬಂದದ್ದನ್ನೇ ಸಾಕ್ಷಿ ಮಾಡಿಕೊಂಡಿದ್ದರು! ಮುಳುಗಿದ್ದರೆ, ಸದಸ್ಯರು ಆಯತಪ್ಪಿ ಬಿದ್ದರು ಎಂದು ಬರೆಯುತ್ತಿದ್ದರು.

ಎದ್ದು ನಿಂತು ಕೇಳಿದೆ: “ಹೆಂಗಸರು ಅನ್ನದ ಪಾತ್ರೆಗಳಿಂದ ದೋಣಿಯ ನೀರು ಚೆಲ್ಲಿದ್ದನ್ನು ಮಂತ್ರಿಗಳಿಗೆ ತಿಳಿಸಿದ್ದಾರೆಯೇ? ಪರೀಕ್ಷೆಗೆ ಬಂದ ಅಧಿಕಾರಿ ದೋಣಿ ಹತ್ತಲು ಹೆದರಿ ಜೀಪು ಹತ್ತಿದರು ಎಂಬುದನ್ನು?” ಸದನಕ್ಕೆ ಸುಳ್ಳು ಮಾಹಿತಿ ಕೊಡುವುದು ಹಕ್ಕುಚ್ಯುತಿ, ಅಂದರೆ ಸದನವನ್ನೇ ಅವಮಾನಿಸಿದ ಅಪರಾಧ, ಆ ಸೂಚನೆ ಕೊಡುತ್ತೇನೆ ಎಂದೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿಯ ಕಡೆ ತಿರುಗಿ ನೋಡಿದರು. ಇಬ್ಬರು ಹೆಣವಾದಾಗ ಬಾರದ ಕೋಪ, ತಮ್ಮ ಮುಖಕ್ಕೆ ಮಸಿ ಹತ್ತಿದಾಗ ಬಂದಿತ್ತು. ಬರಲಿ, ನನಗೆ ಬೇಕಾದದ್ದು ದೋಣಿ.

ಮುಂದಿನ ಮಳೆಗಾಲಕ್ಕೆ ಮೊದಲೇ ಹೊಸ ದೋಣಿ ಬಂತು. ಪರೀಕ್ಷಿಸುವ ಅಧಿಕಾರಿ ಸ್ವತಃ ದೋಣಿಯಲ್ಲಿ ದಾಟಿದ ಮೇಲೆಯೇ ಸಹಿ ಹಾಕಬೇಕೆಂಬ ಆದೇಶವೂ ಹೊರಟಿತು. ನಮ್ಮ ಅಧಿಕಾರಿಗಳು ಅದಕ್ಕೂ ದಾರಿ ಕಂಡುಕೊಂಡರು: ಹೊಳೆ ಮೊಣಕಾಲಿನವರೆಗೆ ಇಳಿದಾಗ ಬಂದು ದಾಟಿ ಹೋಗುತ್ತಿದ್ದರು.

ಹೊಸ ದೋಣಿಯನ್ನು ನೀರಿಗಿಳಿಸುವ ದಿನ ಅದೇ ಇಂಜಿನಿಯರರು ಹಾರ ಹಾಕಿಸಿಕೊಂಡು ಭಾಷಣ ಮಾಡಿದರು. ಸತ್ತವಳ ತಂಗಿಯ ಕೈಯಿಂದಲೇ ಕಾಯಿ ಒಡೆಸಿದರೆ ಚೆನ್ನ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರು. ಶಾಂತವ್ವನನ್ನು ಮುಂದೆ ಕರೆದರು. ಅಷ್ಟರಲ್ಲಿ ಗುತ್ತೇದಾರ, ದಂಡೆಗೆ ಎಳೆದು ಹಾಕಿದ್ದ ಹಳೆಯ ದೋಣಿ ತೋರಿಸಿ ಸಾಹೇಬರಿಗೆ ಹೇಳುತ್ತಿದ್ದ: “ಇದನ್ನ ಒಗದು ಏನ್ ಮಾಡೂದ್ರಿ? ಮ್ಯಾಲಿನ ಊರಿಗೆ ಒಂದು ದೋಣಿ ಬೇಕಾಗೈತಿ. ಡಾಂಬರ ಬಡದು ಕಳಸ್ತೀವಿ.” ಸಾಹೇಬರು ತಲೆಯಾಡಿಸುತ್ತಿದ್ದರು.

ಶಾಂತವ್ವನಿಗೆ ಅದು ಕೇಳಿಸಿತು. ಅವಳ ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿ, ಕಾಯಿ ಒಡೆಯುವಂಥ ಪೂಜೆಗಳನ್ನು ಬಿಟ್ಟಿದ್ದರು. ಕಾಯಿಯನ್ನು ಮುಟ್ಟದೆ ಹೇಳಿದಳು: “ನಾವೀಗ ಕಾಯಿ ಒಡ್ಯಾಂಗಿಲ್ರಿ ಸಾಹೇಬ್ರ. ಒಡ್ಯೂದಿದ್ರ ಆ ಹಳೀ ದೋಣಿ ಒಡೀರಿ. ನನ್ನ ಕಣ್ಣ ಮುಂದ ಒಡೀರಿ. ಇನ್ನೊಂದು ಊರಿನ ಹೆಣ್ಣಮಕ್ಕಳನ್ನ ಅದರಾಗ ಕುಂಡ್ರಸಬ್ಯಾಡ್ರಿ.”

“ಹಾಗೆಲ್ಲ ಒಡೆಯೋಕಾಗಲ್ಲಮ್ಮ. ಸರ್ಕಾರದ ಆಸ್ತಿ ಅದು,” ಎಂದರು ಇಂಜಿನಿಯರರು.

ದೋಣಿ ಒಡೆಯಿರಿ ಎನ್ನುವ ಅಧಿಕಾರ ನನಗೂ ಇರಲಿಲ್ಲ. ನನ್ನ ಕೈಲಾದಷ್ಟು ಹೇಳಿದೆ: “ಸಾಹೇಬ್ರ, ಈ ದೋಣಿ ಯಾವ ಊರಿಗೆ ಹೋತು, ಯಾರ ಸಹಿ ಮ್ಯಾಲೆ ಹೋತು ಅಂತ ಮುಂದಿನ ಅಧಿವೇಶನದಾಗ ಕೇಳ್ತೇನಿ. ಉತ್ತರಾ ಈಗ ಬರದು ಇಟ್ಕೊಳ್ರಿ.”

ಅವರು ಕೊರಳ ಹಾರ ತೆಗೆದರು. ಬೆವರು ಒರೆಸಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ, “ಒಡೆದುಹಾಕಿ,” ಎಂದರು.

ಊರಿನ ಗಂಡಸರು ಕೊಡಲಿ ತಂದರು. ಆ ಹಲಗೆಗಳಿಗೆ ಕೊಡಲಿಯೇ ಬೇಕಿರಲಿಲ್ಲ. ಕೆಲವನ್ನು ಕೈಯಿಂದಲೇ ಕಿತ್ತರು. ಕೊನೆಯ ಹಲಗೆ ಬೀಳುವವರೆಗೂ ನಿಂತು ನೋಡಿದ ಶಾಂತವ್ವ, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ ದೋಣಿ ಹತ್ತಿ ಕುಳಿತಳು.

ಸದನದಲ್ಲಿ ಇದ್ದಷ್ಟು ಕಾಲವೂ ಆ ಹೆಣ್ಣುಮಗಳಿಂದ ಕಲಿತ ಪ್ರಶ್ನೆಯನ್ನು ನಾನು ಬಿಡಲಿಲ್ಲ. ಹೊಸ ಬಸ್ಸು, ಹೊಸ ಯಂತ್ರ ಎಂದು ಮಂತ್ರಿಗಳು ಮೇಜು ತಟ್ಟಿಸಿಕೊಂಡಾಗಲೆಲ್ಲ ಎದ್ದು ಕೇಳುತ್ತಿದ್ದೆ: “ಹಳೆಯದನ್ನು ಯಾರ ಊರಿಗೆ ಕಳಿಸಿದಿರಿ?” ಎಷ್ಟೋ ಸಲ ಮಂತ್ರಿಗಳು ತಮ್ಮ ಹಾಳೆಗಳನ್ನು ತಿರುವಿ ಹಾಕಿ, ಅದಕ್ಕೆ ಪ್ರತ್ಯೇಕ ಸೂಚನೆ ಬೇಕಾಗುತ್ತದೆ ಎನ್ನುತ್ತಿದ್ದರು.